ಇಷ್ಟಲಿಂಗ, ಪ್ರಸಾದ ಮತ್ತು ನರ್ಸ್

ಆಪರೇಷನ್‌ಗೆ ಕರೆದೊಯ್ಯುವ ಮುನ್ನ ರೋಗಿಯ ಮೈಮೇಲಿನ ಲೋಹವನ್ನೆಲ್ಲ ತೆಗೆಸಬೇಕು. ಡಯಾಥರ್ಮಿ ಯಂತ್ರದ ವಿದ್ಯುತ್ತು ಲೋಹಕ್ಕೆ ಹರಿದರೆ ಚರ್ಮ ಸುಟ್ಟೀತು. ಬಳೆ, ಉಂಗುರವಾದರೆ ಸರಿ. ಕಲಬುರಗಿ ಸೀಮೆಯಲ್ಲಿ ನರ್ಸ್ ಕೈ ತಡೆಯುವುದು ಕೊರಳಿನ ಬೆಳ್ಳಿ ಕರಡಿಗೆಯ ಮುಂದೆ. ದೀಕ್ಷೆಯಾದಂದಿನಿಂದ ಮೈ ಬಿಟ್ಟಿರದ ಇಷ್ಟಲಿಂಗ ಅದರೊಳಗಿದೆ. ‘ಲಿಂಗ ತೆಗೀಬ್ಯಾಡ್ರಿ ಯವ್ವಾ’ ಎಂದು ಅಂಗಲಾಚುವ ಅಜ್ಜಿಗೆ ನಿಯಮ ಓದಿ ಹೇಳಿ ಫಲವಿಲ್ಲ. ಕರಡಿಗೆಯನ್ನು ಮಗನ ಕೈಗಿತ್ತು, ವೈದ್ಯರ ಒಪ್ಪಿಗೆ ಪಡೆದು, ಲೋಹವಲ್ಲದ ಲಿಂಗವನ್ನಷ್ಟೇ ಶುಭ್ರ ಬಟ್ಟೆಯಲ್ಲಿ ತೋಳಿಗೆ ಕಟ್ಟಿದರೆ ಆಕೆ ನಿರಾಳವಾಗುತ್ತಾಳೆ. ಇದೂ ಶುಶ್ರೂಷೆಯೇ.

ರೋಗಿಯ ನಂಬಿಕೆಗೆ ಈ ಮನ್ನಣೆ ಸಿಕ್ಕಿದ್ದು ತಡವಾಗಿ. ಆಧುನಿಕ ನರ್ಸಿಂಗ್ ಹುಟ್ಟಿದ್ದು ನರ್ಸ್‌ಗಳ ಸ್ವಂತ ಭಕ್ತಿಯಿಂದ. 1837ರಲ್ಲಿ ದೇವರ ಕರೆ ಬಂತೆಂದು ನಂಬಿದ ಫ್ಲಾರೆನ್ಸ್ ನೈಟಿಂಗೇಲ್, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನ ಕ್ರೈಸ್ತ ಸೇವಿಕೆಯರ ಬಳಿ ತರಬೇತಿ ಪಡೆದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಕಟ್ಟಿದ್ದೂ ಸನ್ಯಾಸಿನಿಯರೇ.

ದಿಕ್ಕು ಬದಲಿಸಿದವರು ನರ್ಸ್ ಆಗಿದ್ದು ಮುಂದೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್. ನೋವು ದೇಹದ್ದಷ್ಟೇ ಅಲ್ಲ, ಮನಸ್ಸು, ಸಂಸಾರ, ಆತ್ಮದ್ದೂ ಹೌದೆಂದ ಅವರು 1967ರಲ್ಲಿ ಲಂಡನ್ನಿನಲ್ಲಿ ಸಾವಿನಂಚಿನ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. 1978ರಲ್ಲಿ ಅಮೆರಿಕದ ನರ್ಸ್‌ಗಳು ತಮ್ಮ ರೋಗನಿರ್ಣಯದ ಪಟ್ಟಿಗೆ ‘ಆಧ್ಯಾತ್ಮಿಕ ಸಂಕಟ’ವನ್ನೂ ಸೇರಿಸಿದರು.

ಕಲಬುರಗಿಗೆ ಈ ಪಾಠ ಹೊಸದಲ್ಲ. 1422ರಲ್ಲಿ ತೀರಿಕೊಂಡ ಸೂಫಿ ಸಂತ ಖಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರರ ದಾಸೋಹದ ಗುಡಿ ಎರಡಕ್ಕೂ ಹರಕೆ ಹೊತ್ತೇ ಜನ ಆಸ್ಪತ್ರೆಯ ಮೆಟ್ಟಿಲೇರುತ್ತಾರೆ. ಒಂದೇ ವಾರ್ಡಿನಲ್ಲಿ ಒಬ್ಬರ ಹಣೆಗೆ ವಿಭೂತಿ, ಪಕ್ಕದವರ ತೋಳಿಗೆ ತಾಯತ.

ಈ ನಂಬಿಕೆಗಳಿಗೆ ಕಠಿಣ ಪರೀಕ್ಷೆ ಬಂದದ್ದು 2020ರಲ್ಲಿ. ಆ ಮಾರ್ಚ್ 10ರಂದು ಕಲಬುರಗಿಯ 76ರ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದು. ಮಾರ್ಚ್ 15ರ ಕೇಂದ್ರದ ಮಾರ್ಗಸೂಚಿ ಶವಸ್ನಾನ, ಅಪ್ಪುಗೆಯನ್ನು ನಿಷೇಧಿಸಿತು. ಮುಟ್ಟದೆ ಧರ್ಮಗ್ರಂಥ ಓದಲು, ತೀರ್ಥ ಚಿಮುಕಿಸಲು ಬಿಟ್ಟಿತು. ಸೋಂಕಿನ ಭಯದ ನಡುವೆಯೂ ಅಷ್ಟು ಜಾಗ ಉಳಿಸಿದ್ದು ದೊಡ್ಡ ಮಾತು.

ಆದರೆ ಸಾವಿನ ಹೊತ್ತಿಗಷ್ಟೇ ರೋಗಿಯ ನಂಬಿಕೆ ನೆನಪಾದರೆ ಸಾಲದು. ಕಲಬುರಗಿ ಜಿಲ್ಲೆಯ ಕಮಲಾಪುರ ಕೆಂಪು ಬಾಳೆಗೆ ಹೆಸರುವಾಸಿ. ಅಲ್ಲಿನ ಕಿಡ್ನಿ ರೋಗಿಯೊಬ್ಬರಿಗೆ ಊರ ಗುಡಿಯ ಪ್ರಸಾದವೆಂದು ಅದೇ ಹಣ್ಣು ಬಂತೆನ್ನಿ. ಬಾಳೆಯಲ್ಲಿ ಪೊಟ್ಯಾಷಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪೀತು. ಹಣ್ಣು ಕಸಿದಿಟ್ಟರೆ ನರ್ಸ್ ಅತ್ತ ಹೋದ ಮೇಲೆ ಪ್ರಸಾದ ಹೊಟ್ಟೆ ಸೇರುತ್ತದೆ. ‘ಕಣ್ಣಿಗೊತ್ತಿಕೊಂಡು ಮೊಮ್ಮಗನ ಕೈಯಾಗ ಕೊಡ್ರಿ ಅಜ್ಜಾ, ನಿಮ್ ಪಾಲೂ ಅಂವಾ ತಿಂತಾನ’ ಎಂದು ನೋಡಿ, ಅಜ್ಜ ತಾನಾಗಿಯೇ ಕೊಡುತ್ತಾನೆ.