ಅಂಚಿನ ನಕ್ಷತ್ರದ ವಿಳಾಸ

ಆಳಂದ ತಾಲ್ಲೂಕಿನ ನಮ್ಮ ಖಜೂರಿ 1948ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಊರು. ನಿಜಾಮರ ಕಾಲವೆಂದರೆ ನಮ್ಮ ಹಿರಿಯರ ನಾಲಗೆಯ ಮೇಲೆ ಬರುತ್ತಿದ್ದುದು ಜಾಗೀರು, ಲೇವಿ, ರಜಾಕಾರರ ಹಾವಳಿ. ಅದೇ ಸಂಸ್ಥಾನದ ರಾಜಧಾನಿಯಲ್ಲಿ ಕೆಲವರು ರಾತ್ರಿಯೆಲ್ಲ ಎಚ್ಚರವಿದ್ದು, ನಮ್ಮ ಹೊಲಗಳ ಮೇಲೆ ಹಾದುಹೋಗುವ ನಕ್ಷತ್ರಗಳನ್ನೇ ಒಂದೊಂದಾಗಿ ಅಳೆಯುತ್ತಿದ್ದರೆಂಬುದನ್ನು ಅವರಲ್ಲಿ ಯಾರೂ ಹೇಳಿ ನಾನು ಕೇಳಲಿಲ್ಲ. ಅದನ್ನು ಈಗ ನೆನೆಯಲು ಅಮೆರಿಕದ ಒಂದು ದೂರದರ್ಶಕವೇ ನನಗೆ ನೆಪವಾಯಿತು.

ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲಿರುವ ಮೇಯಲ್ ದೂರದರ್ಶಕಕ್ಕೆ ‘ಡೆಸಿ’ ಎಂಬ ಉಪಕರಣವನ್ನು ಜೋಡಿಸಿದ್ದಾರೆ. 2021ರಲ್ಲಿ ಅದು ವಿಶ್ವದ ನಕ್ಷೆಯನ್ನು ಬರೆಯತೊಡಗಿತು. ದೂರದರ್ಶಕದ ಬಿಂಬ ಮೂಡುವೆಡೆಯಲ್ಲಿ 5000 ಪುಟ್ಟ ಯಂತ್ರಗಳು ಒತ್ತೊತ್ತಾಗಿ ನಿಂತಿವೆ. ಒಂದೊಂದರ ತುದಿಯಲ್ಲಿಯೂ ಗಾಜಿನ ಒಂದೊಂದು ತಂತು; ಅದರ ತಿರುಳಿನ ಅಗಲ 107 ಮೈಕ್ರಾನು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚು. ಪ್ರತಿಯೊಂದು ಯಂತ್ರವೂ ತನ್ನ ತಂತುವನ್ನು ತನಗೆ ಗೊತ್ತುಮಾಡಿದ ಗೆಲಾಕ್ಸಿಯ ಬಿಂಬಕ್ಕೆ ಸರಿಯಾಗಿ ಒಡ್ಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಸಾಕು, ಕೋಟ್ಯಂತರ ವರ್ಷ ಪಯಣಿಸಿ ಬಂದ ಬೆಳಕು ಪಕ್ಕದಲ್ಲಿ ಬಿದ್ದು ವ್ಯರ್ಥವಾಗುತ್ತದೆ.

ತಾರಾಪಟ್ಟಿಯಲ್ಲಿ ವಿಳಾಸವಿದೆಯಲ್ಲ, ಅಲ್ಲಿಗೇ ತಂತುವನ್ನು ಕಳುಹಿಸಿದರಾಯಿತಲ್ಲವೆ ಎಂದು ವಾಚಕರು ಕೇಳಬಹುದು. ತೊಡಕಿರುವುದು ಅಲ್ಲಿಯೇ. ಚೌಕಳಿ ಎಳೆದ ಕಾಗದದ ಮೇಲೆ ಭೂತಗನ್ನಡಿಯನ್ನು ಹಿಡಿದು ನೋಡಿರಿ: ನಡುವಿನ ಗೆರೆಗಳು ನೆಟ್ಟಗಿರುತ್ತವೆ, ಅಂಚಿಗೆ ಹೋದಂತೆ ಬಾಗುತ್ತವೆ. ಆಕಾಶದ ವಿಶಾಲ ಭಾಗವನ್ನು ಒಮ್ಮೆಗೇ ತೋರಿಸುವ ಮಸೂರಗಳೆಲ್ಲಕ್ಕೂ ಈ ಗುಣ ಹೆಚ್ಚುಕಡಿಮೆ ಇದ್ದೇ ಇದೆ. ಅಂಚಿನ ನಕ್ಷತ್ರ ಪಟ್ಟಿ ಹೇಳಿದ ಕಡೆ ಇರುವುದಿಲ್ಲ. ತುಸು ಆಚೆಗೋ ಈಚೆಗೋ ಸರಿದಿರುತ್ತದೆ. ಭೂಮಿಯ ವಾಯುಮಂಡಲವೂ ಬೆಳಕನ್ನು ಬಾಗಿಸುತ್ತದೆ. ನಕ್ಷತ್ರ ಪಡುವಣಕ್ಕೆ ಇಳಿದಂತೆಲ್ಲ ಆ ಬಾಗು ಬೇರೆಯಾಗುತ್ತದೆ.

ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದುದು. ಯಂತ್ರಗಳ ನಡುವೆ ಅಲುಗಾಡದ ನೂರಕ್ಕೂ ಮಿಕ್ಕ ದೀಪಬಿಂದುಗಳನ್ನು ನೆಟ್ಟು, ಅವುಗಳ ಸ್ಥಾನವನ್ನು ಮೊದಲೇ ಕಟ್ಟುನಿಟ್ಟಾಗಿ ಅಳೆದಿಟ್ಟಿದ್ದಾರೆ. ತಂತುಗಳಿಗೂ ಹಿಂದಿನಿಂದ ಬೆಳಕು ಹಾಯಿಸುತ್ತಾರೆ. ದೊಡ್ಡ ದರ್ಪಣದ ನಡುವಣ ರಂಧ್ರದ ಬಳಿಯಿರುವ ಕ್ಯಾಮರಾ ಆ ಎಲ್ಲ ಚುಕ್ಕೆಗಳ ಚಿತ್ರವನ್ನು ತೆಗೆಯುತ್ತದೆ. ಈ ಚಿತ್ರವೂ ಅದೇ ಮಸೂರಗಳ ಮೂಲಕ ಬಂದುದರಿಂದ ವಕ್ರವಾದುದೇ. ಆದರೆ ಸ್ಥಿರಬಿಂದುಗಳು ನಿಜವಾಗಿ ಎಲ್ಲಿವೆ, ಚಿತ್ರದಲ್ಲಿ ಎಲ್ಲಿ ಕಾಣುತ್ತಿವೆ ಎಂಬ ಅಂತರದಿಂದ ವಕ್ರತೆಯ ಲೆಕ್ಕ ಸಿಕ್ಕುತ್ತದೆ. ಆ ಲೆಕ್ಕದಂತೆ ಯಂತ್ರಗಳು ಮತ್ತೊಮ್ಮೆ ಸರಿದು, ತಪ್ಪನ್ನು ಕೆಲವೇ ಮೈಕ್ರಾನುಗಳಿಗೆ ಇಳಿಸುತ್ತವೆ. ಮಸೂರವನ್ನು ನಿರ್ದೋಷವಾಗಿಸುವ ಹಟ ಇಲ್ಲಿಲ್ಲ. ಅದರ ದೋಷವನ್ನು ಅರಿತು ನಡೆಯುವ ವಿವೇಕವಿದೆ.

ಈ ವಿವೇಕ ಹೊಸತಲ್ಲ. 1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಖಗೋಳಜ್ಞರು ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳನ್ನು ಅಳೆಯಲು ನಿಶ್ಚಯಿಸಿ, ಆಕಾಶವನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡರು. ದಕ್ಷಿಣದ 17ರಿಂದ 23 ಡಿಗ್ರಿಗಳ ಪಟ್ಟಿ ಕಡೆಗೆ ಬಂದುದು ಹೈದರಾಬಾದಿನ ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯದ ಪಾಲಿಗೆ. ನವಾಬ್ ಜಫರ್ ಜಂಗ್ ಅದರ ಸ್ಥಾಪಕರು. ಚಾಟ್‌ವುಡ್, ಪೊಕಾಕ್, ಭಾಸ್ಕರನ್ ಒಬ್ಬರಾದ ಮೇಲೊಬ್ಬರು ಅದನ್ನು ನಡೆಸಿದರು. 1919ರಲ್ಲಿ ಅದು ಉಸ್ಮಾನಿಯಾ ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿತು. ಮುಂದೆ ಉತ್ತರದ 36ರಿಂದ 39 ಡಿಗ್ರಿಗಳ ಪಟ್ಟಿಯನ್ನೂ ಅವರೇ ಪೂರೈಸಿದರು.

ಅಲ್ಲಿಯೂ ಸ್ಥಿರಬಿಂದುಗಳಿದ್ದವು. ಐದೈದು ಮಿಲಿಮೀಟರಿಗೊಂದರಂತೆ ಎಳೆದ ಸೂಕ್ಷ್ಮ ಗೆರೆಗಳ ಜಾಲವೊಂದನ್ನು ನಕ್ಷತ್ರಗಳು ಮೂಡಿದ ಗಾಜಿನ ಫಲಕದ ಮೇಲೆಯೇ ಬೆಳಕಿನಿಂದ ಅಚ್ಚೊತ್ತುತ್ತಿದ್ದರು. ಫಲಕವನ್ನು ತೊಳೆದು ಒಣಗಿಸುವಾಗ ಲೇಪ ಕುಗ್ಗಿದರೆ ಜಾಲವೂ ಜೊತೆಯಲ್ಲಿಯೇ ಕುಗ್ಗಿ, ಆದ ಪಲ್ಲಟಕ್ಕೆ ತಾನೇ ಸಾಕ್ಷಿ ಹೇಳುತ್ತಿತ್ತು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಒಂದೊಂದು ಚುಕ್ಕೆಯೂ ಗೆರೆಗಳಿಂದ ಎಷ್ಟು ದೂರವೆಂದು ಅಳೆದು ಬರೆಯುವ ದುಡಿಮೆ. ಹೀಗೆ ಅಳೆದ ನಕ್ಷತ್ರಗಳು ಏಳು ಲಕ್ಷಕ್ಕೂ ಮಿಕ್ಕವು.

ಜಾಲ ಹಿಡಿದುಕೊಟ್ಟುದು ಲೇಪದ ಪಲ್ಲಟವನ್ನು, ಮಸೂರದ ವಕ್ರತೆಯನ್ನಲ್ಲ. ಆದರೆ ಆ ಜನ ಮುದ್ರಿಸಿದ ಸಂಪುಟಗಳಲ್ಲಿ ಫಲಕದ ಮೇಲೆ ಕಂಡ ಅಳತೆಗಳೇ ಇದ್ದವು. ಅಂಚಿನ ನಕ್ಷತ್ರವನ್ನು ‘ಇಲ್ಲಿರಬೇಕಿತ್ತು’ ಎಂಬ ಜಾಗಕ್ಕೆ ಯಾರೂ ಎಳೆದು ಕೂರಿಸಲಿಲ್ಲ. ಆದುದರಿಂದಲೇ ಶತಮಾನದ ಕೊನೆಯಲ್ಲಿ ಅಮೆರಿಕದ ನೌಕಾ ವೀಕ್ಷಣಾಲಯದವರು ಗಣಕಯಂತ್ರದಿಂದ ಆ ಅಂಕಿಗಳನ್ನು ಮತ್ತೆ ಲೆಕ್ಕಹಾಕಿ, ಒಂದೊಂದು ದೂರದರ್ಶಕದ ವಕ್ರತೆಯನ್ನೂ ಅಂಕಿಗಳಿಂದಲೇ ಹೊರತೆಗೆದು ಕಳೆಯುವುದು ಸಾಧ್ಯವಾಯಿತು. ಹಿಪಾರ್ಕಸ್ ಉಪಗ್ರಹದ ಅಳತೆಗಳೊಡನೆ ಅವನ್ನು ಹೋಲಿಸಿ, 2000ದಲ್ಲಿ ಪ್ರಕಟವಾದ ‘ಟೈಕೊ-2’ ಪಟ್ಟಿಯಲ್ಲಿ ಸುಮಾರು 25 ಲಕ್ಷ ನಕ್ಷತ್ರಗಳ ಚಲನೆಯನ್ನು ಹೇಳಿದರು. ನಕ್ಷತ್ರದ ನಡೆ ತಿಳಿಯಬೇಕಾದರೆ ಹಳೆಯ ಅಳತೆ ಬೇಕೇ ಬೇಕು. ಕಳೆದುಹೋದ ರಾತ್ರಿಯನ್ನು ಯಾವ ಉಪಗ್ರಹವೂ ಹಿಂದಿರುಗಿ ಅಳೆಯಲಾರದು.

ಅಂದು ಯಾರಾದರೂ ಅಂಕಿಗಳನ್ನು ಚೆಂದಗಾಣಿಸಲೆಂದು ತಿದ್ದಿದ್ದರೆ ಆ ಸಂಪುಟಗಳು ಇಂದು ಬರಿಯ ರದ್ದಿಯಾಗುತ್ತಿದ್ದವು. ಸೂಕ್ಷ್ಮದರ್ಶಕದ ಮುಂದೆ ಕಣ್ಣು ಸವೆಸಿದವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯದು. ತಮ್ಮ ಮಸೂರದ ವಕ್ರತೆಯನ್ನು ಪೂರ್ತಿಯಾಗಿ ಕಳೆಯುವ ಸಾಧನ ಅವರಲ್ಲಿರಲಿಲ್ಲ. ಕಂಡುದನ್ನು ಕಂಡಂತೆ ಬರೆಯುವ ನಿಷ್ಠೆಯಿತ್ತು. ಅರಿಜೋನಾದ ಆ 5000 ಯಂತ್ರಗಳು ಪ್ರತಿರಾತ್ರಿಯೂ ನಂಬಿ ನಡೆಯುವುದು ಇಂಥ ನಿಷ್ಠೆಯನ್ನೇ.