ನೆಲಕ್ಕೆ ಹೊಳಪು, ಕೈಗೆ ತುರಿಕೆ

ಪೀಣ್ಯದ ಕಾರ್ಖಾನೆಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳ ಕೆಳಗೆ ಕಾರು ನಿಲ್ಲಿಸುವ ನೆಲಮಾಳಿಗೆಗಳಲ್ಲಿ, ಎಲ್ಲೂ ಸಂದು ಕಾಣದ, ಕನ್ನಡಿಯಂತೆ ಹೊಳೆಯುವ ಹಸಿರು ಅಥವಾ ಬೂದು ಬಣ್ಣದ ನೆಲವನ್ನು ನೀವು ನೋಡಿರಬಹುದು. ಅದು ಎಪಾಕ್ಸಿ ಲೇಪನ. ಅದನ್ನು ಹಾಕುವವರನ್ನು ಮಾತ್ರ ನೋಡಿರುವುದು ಕಡಿಮೆ. ಯಂತ್ರಗಳು ನಿಂತ ಮೇಲೆ, ರಜೆಯ ದಿನ ಅಥವಾ ರಾತ್ರಿಯ ಹೊತ್ತು ಇವರ ಕೆಲಸ. ನಿಮ್ಮ ಮನೆಯಿಂದ ಯಾರಾದರೂ ಈ ಕೆಲಸಕ್ಕೆ ಹೋಗುತ್ತಿದ್ದರೆ ಅವರ ಕೈಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ.

ಈ ಲೇಪನ ಎರಡು ಡಬ್ಬಿಗಳಲ್ಲಿ ಬರುತ್ತದೆ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ಎರಡೂ ಬೆರೆತು ಪೂರ್ತಿ ಗಟ್ಟಿಯಾದ ಮೇಲೆ ಅದರ ಮೇಲೆ ಬರಿಗಾಲಲ್ಲಿ ನಡೆದರೂ ತೊಂದರೆಯಿಲ್ಲ. ಅಪಾಯವಿರುವುದು ಅದು ಹಸಿಯಾಗಿರುವಾಗ. ಹಸಿ ರಾಳದ ಸಣ್ಣ ಅಣುಗಳು ಚರ್ಮದೊಳಗೆ ಇಳಿಯಬಲ್ಲವು. ಹಾರ್ಡ್‌ನರ್ ನೇರವಾಗಿ ಸುಡಲೂಬಹುದು. ಕೆಲವರ ದೇಹ ಈ ಅಣುಗಳನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಇದೇ ಅಲರ್ಜಿ. ಒಂದು ಸಲ ಬಂತೆಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಆಮೇಲೆ ಒಂದು ಹನಿ ತಾಗಿದರೂ ಸಾಕು, ಕೆಲವರಿಗೆ ಪಕ್ಕದಲ್ಲಿ ಕಲಸುವಾಗಿನ ಆವಿಯೇ ಸಾಕು. ಇಪ್ಪತ್ತೈದು ವಯಸ್ಸಿನ ಕುಶಲ ಕೆಲಸಗಾರ ಕಲಿತ ಕಸುಬನ್ನೇ ಬಿಡಬೇಕಾಗಬಹುದು. ಔಷಧಿಯಿಂದ ತುರಿಕೆ ಇಳಿಯುತ್ತದೆ, ಅಲರ್ಜಿ ಹೋಗುವುದಿಲ್ಲ.

ತೊಂದರೆಯೆಂದರೆ ಇದು ತಡವಾಗಿ ಕಾಣಿಸಿಕೊಳ್ಳುತ್ತದೆ. ಸೋಮವಾರ ತಾಗಿದ್ದಕ್ಕೆ ಬುಧವಾರ ತುರಿಕೆ. ಎಷ್ಟೋ ತಿಂಗಳು ಏನೂ ಆಗದೆ ಆಮೇಲೆ ಶುರುವಾಗುವುದೂ ಉಂಟು. ಹಾಗಾಗಿ ಕೆಲಸದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬದನೆಕಾಯಿಯೋ ಹೊಸ ಸೋಪೋ ಆರೋಪಿಯಾಗುತ್ತದೆ. ಬೆರಳುಗಳ ಸಂದು, ಅಂಗೈ ಹಿಂಭಾಗ, ಮುಂಗೈ, ಮಂಡಿ, ಕತ್ತು ಕೆಂಪಾಗಿ ಸಣ್ಣ ಗುಳ್ಳೆಗಳೆದ್ದರೆ, ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿಕೊಂಡಿದ್ದರೆ, ನಾಲ್ಕು ದಿನ ರಜೆ ಹಾಕಿದಾಗ ಇಳಿದು ಕೆಲಸಕ್ಕೆ ಹೋದೊಡನೆ ಮರಳಿದರೆ, ಎಪಾಕ್ಸಿಯನ್ನು ಶಂಕಿಸಿ. ಹುಳುಕಡ್ಡಿಯೆಂದು ಮೆಡಿಕಲ್ ಸ್ಟೋರ್‌ನಲ್ಲಿ ಸಿಕ್ಕ ಮುಲಾಮು ಹಚ್ಚಬೇಡಿ. ಇಂಥ ಟ್ಯೂಬುಗಳಲ್ಲಿ ಎಷ್ಟೋ ಸಲ ಬಲವಾದ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಗುಣವಾದಂತೆ ಕಾಣುತ್ತದೆ, ಹುಡುಗ ಮತ್ತೆ ಅದೇ ಡಬ್ಬಿಗೆ ಕೈ ಹಾಕುತ್ತಾನೆ.

ಎಲ್ಲಕ್ಕಿಂತ ಕೆಟ್ಟ ಅಭ್ಯಾಸವೆಂದರೆ ಸಂಜೆ ಕೈಯನ್ನು ಥಿನ್ನರ್‌ನಿಂದ ತೊಳೆಯುವುದು. ಅಂಟು ಥಟ್ಟನೆ ಹೋಗುತ್ತದೆ, ನಿಜ. ಜೊತೆಗೆ ಚರ್ಮದ ಎಣ್ಣೆಯಂಶವೂ ಹೋಗುತ್ತದೆ, ಕರಗಿದ ರಾಳ ಇನ್ನಷ್ಟು ಒಳಗಿಳಿಯುತ್ತದೆ. ತಾಗಿದ ಕೂಡಲೇ ಬಟ್ಟೆ ಚೂರಿನಿಂದ ಒರೆಸಿ ಸೋಪು ನೀರಿನಲ್ಲಿ ತೊಳೆಯುವುದೇ ಸರಿ. ಕೈಗವಸಿನಲ್ಲೂ ಮೋಸ ಹೋಗುವುದುಂಟು. ನೂಲಿನ ಗವಸು ರಾಳವನ್ನು ಹೀರಿ ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಆಸ್ಪತ್ರೆಯ ತೆಳು ರಬ್ಬರ್ ಗವಸಿನ ಮೂಲಕ ಸ್ವಲ್ಪ ಹೊತ್ತಿನಲ್ಲೇ ಒಳನುಗ್ಗುತ್ತದೆ. ನೈಟ್ರೈಲ್ ಗವಸು ಬೇಕು, ತೆಳುವಾದದ್ದಾದರೆ ರಾಳ ತಾಗಿದೊಡನೆ ಬಿಸಾಡಬೇಕು. ಗವಸಿನ ಕೈಯಲ್ಲೇ ಮೊಬೈಲ್ ಹಿಡಿದರೆ ರಾಳ ಕೆನ್ನೆಗೆ ಬರುತ್ತದೆ, ಬೈಕಿನ ಹ್ಯಾಂಡಲ್ ಹಿಡಿದರೆ ಮನೆಗೇ ಬರುತ್ತದೆ. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕಬೇಡಿ.

ಲೇಪನಕ್ಕೆ ಮೊದಲು ಕಾಂಕ್ರೀಟನ್ನು ಯಂತ್ರದಿಂದ ಉಜ್ಜುತ್ತಾರೆ. ಆಗ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ. ನಮ್ಮ ನಾಡಿಗೆ ಇದು ಹಳೆಯ ಶತ್ರು: ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1930ರ ದಶಕದಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುವ ಈ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ, ಕ್ಷಯ ಅಂಟುವ ಸಂಭವವನ್ನೂ ಅದು ಹೆಚ್ಚಿಸುತ್ತದೆ. ಮೂಗಿಗೆ ಟವೆಲ್ ಸುತ್ತಿಕೊಂಡರೆ ದಪ್ಪ ಧೂಳು ನಿಲ್ಲುತ್ತದೆಯೇ ಹೊರತು ಶ್ವಾಸಕೋಶದ ಆಳಕ್ಕಿಳಿಯುವ ನುಣುಪು ಧೂಳಲ್ಲ. ಧೂಳು ಹೀರುವ ಯಂತ್ರವನ್ನು ಗ್ರೈಂಡರಿಗೇ ಜೋಡಿಸಬೇಕು, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮುಖಗವಸು ಕೊಡಬೇಕು. ಇದು ಗುತ್ತಿಗೆದಾರರ ಜವಾಬ್ದಾರಿ. ಹುಡುಗರು ಬೇಡಿ ಪಡೆಯಬೇಕಾದ ಉಪಕಾರವಲ್ಲ.

ಅದೇ ಮುಖಗವಸು ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಡಬ್ಬಿಯಿರುವ ಬೇರೆ ಮುಖವಾಡವೇ ಬೇಕು. ಈ ಆವಿ ಗಾಳಿಗಿಂತ ಭಾರ, ಮಂಡಿಯೂರಿ ಕೆಲಸ ಮಾಡುವವನ ಮೂಗಿನ ಮಟ್ಟದಲ್ಲೇ ಇರುತ್ತದೆ. ಮುಚ್ಚಿದ ನೆಲಮಾಳಿಗೆಯಲ್ಲಿ ತಲೆ ತಿರುಗಿದರೆ, ವಾಕರಿಕೆ ಬಂದರೆ ಕೂಡಲೇ ಹೊರಗೆ ಬರಬೇಕು. ಬೀಡಿ, ಬೆಂಕಿಕಡ್ಡಿ ಹತ್ತಿರವೂ ಸುಳಿಯಬಾರದು.

ಚರ್ಮವೈದ್ಯರ ಬಳಿ ಹೋಗುವಾಗ ಎರಡೂ ಡಬ್ಬಿಗಳ ಮೇಲಿನ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ. ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಪರೀಕ್ಷೆಯಿಂದ ಎಪಾಕ್ಸಿ ಅಲರ್ಜಿ ತಿಳಿಯುತ್ತದೆ. ಎರಡು ದಿನ ಬೆನ್ನು ನೆನೆಸಬಾರದು, ಫಲಿತಾಂಶಕ್ಕೆ ಇನ್ನೊಮ್ಮೆ ಹೋಗಬೇಕು. ಇಎಸ್‌ಐ ಸೌಲಭ್ಯವಿದ್ದರೆ 'ಇದು ಕೆಲಸದಿಂದ ಬಂದದ್ದು' ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ರಾಸಾಯನಿಕಗಳಿಂದ ಬರುವ ಚರ್ಮರೋಗ ವೃತ್ತಿರೋಗಗಳ ಪಟ್ಟಿಯಲ್ಲಿದೆ. ಪರಿಹಾರ ಕೇಳಲು ಮುಂದೆ ಆ ಒಂದು ಸಾಲು ಬೇಕಾಗುತ್ತದೆ.