ಮಲೇರಿಯಾ: ಸೊನ್ನೆಗೆ ಇಳಿದ ಮೇಲೂ ಉಳಿಯುವ ಕೆಲಸ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಿರಿಯರಿಗೆ ಚಳಿಜ್ವರ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಅದನ್ನು ಹಿಮ್ಮೆಟ್ಟಿಸಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ನೆರೆಯಲ್ಲೇ. ಮುಂಬಯಿ ಪ್ರಾಂತದ ಮಲೇರಿಯಾ ತಜ್ಞ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರ ಸುಮಾರಿಗೆ ಧಾರವಾಡ ಮತ್ತು ಕೆನರಾ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗೆ ಡಿಡಿಟಿ ಸಿಂಪಡಿಸಲಾಯಿತು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕೂರುತ್ತದೆ, ಅಲ್ಲೇ ಸಾಯುತ್ತದೆ. ಅದರ ಒಡಲಲ್ಲಿ ರೋಗಾಣು ಬಲಿಯಲು ಸುಮಾರು ಹತ್ತು ದಿನ ಬೇಕು. ಅಷ್ಟು ದಿನ ಸೊಳ್ಳೆ ಬದುಕದಿದ್ದರೆ ರೋಗ ಮುಂದಿನ ಮನೆಗೆ ಹೋಗದು.

1953ರಲ್ಲಿ ಇದೇ ವಿಧಾನ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಅಂದಾಜು 7.5 ಕೋಟಿ ಜನರಿಗೆ ತಗಲುತ್ತಿದ್ದ ರೋಗ 1965ಕ್ಕೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂಬ ಭಾವನೆಯಲ್ಲಿ ನಿಗಾ ಸಡಿಲವಾಯಿತು, ಔಷಧಿಯ ಕೊರತೆಯಾಯಿತು, ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು. 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು.

ಆ ಪಾಠವೇ ಈಗಿನ ಯೋಜನೆಗೆ ಬುನಾದಿ. 2016ರ ರಾಷ್ಟ್ರೀಯ ಚೌಕಟ್ಟಿನ ಗುರಿ 2030ಕ್ಕೆ ನಿರ್ಮೂಲನೆ; ಸ್ಥಳೀಯವಾಗಿ ಹರಡುವ ಪ್ರಕರಣಗಳನ್ನು 2027ಕ್ಕೇ ಸೊನ್ನೆಗೆ ತರಬೇಕು. ಸತತ ಮೂರು ವರ್ಷ ಸೊನ್ನೆಯಲ್ಲೇ ಉಳಿದರೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ. ಶ್ರೀಲಂಕಾ ಅದನ್ನು 2016ರಲ್ಲಿ ಪಡೆದಿದೆ.

ನಮ್ಮ ಭಾಗದಲ್ಲಿ ಯೋಚಿಸಬೇಕಾದದ್ದು ಹೊರಗಿನಿಂದ ಬರುವ ಜ್ವರದ ಬಗ್ಗೆ. ಕಬ್ಬು ಕಡಿಯಲು ಬರುವ ಗ್ಯಾಂಗ್‌ಗಳು, ಯಲ್ಲಮ್ಮನ ಗುಡ್ಡದ ಜಾತ್ರೆಗೆ ಬೇರೆ ರಾಜ್ಯಗಳಿಂದ ಬರುವ ಜನ, ಮಂಗಳೂರಿನ ಕಟ್ಟಡ ಕೆಲಸದಿಂದ ಊರಿಗೆ ಮರಳುವ ಹುಡುಗರು: ಯಾರ ರಕ್ತದಲ್ಲಾದರೂ ರೋಗಾಣು ಇರಬಹುದು. ತಪ್ಪು ಅವರದಲ್ಲ. ಮಲಪ್ರಭೆಯ ಕಾಲುವೆಯ ಬಸಿನೀರು, ಮುಚ್ಚಳವಿಲ್ಲದ ಮೇಲ್ಛಾವಣಿ ಟಾಕಿ ಇಂಥಲ್ಲಿ ಅನಾಫಿಲಿಸ್ ಸೊಳ್ಳೆ ಹುಟ್ಟಿದರೆ ಆ ಒಬ್ಬರಿಂದ ಊರಿಗೇ ಹಬ್ಬಬಹುದು.

ಇನ್ನೊಂದು ತೊಡಕು ನಮ್ಮೊಳಗೇ ಇದೆ. ವೈವಾಕ್ಸ್ ಜಾತಿಯ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಮೂರು ದಿನದ ಕ್ಲೋರೋಕ್ವಿನ್ ಜ್ವರ ಇಳಿಸುತ್ತದೆ, ಅಡಗಿದ್ದನ್ನು ಕೊಲ್ಲುವುದಿಲ್ಲ. ಅದಕ್ಕೆ 14 ದಿನ ಪ್ರೈಮಾಕ್ವಿನ್ ನುಂಗಬೇಕು. ಮೈ ಹಗುರಾಯಿತೆಂದು ನಾಲ್ಕನೇ ದಿನಕ್ಕೇ ಗುಳಿಗೆ ಬಿಡುವವರಿದ್ದಾರೆ. ಕಾರ್ಯಕ್ರಮ ಸೋಲುವುದು ಹೆಚ್ಚಾಗಿ ಇಂಥಲ್ಲೇ ಎಂದು ನನಗನಿಸುತ್ತದೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಈ ಗುಳಿಗೆ ಕೊಡುವಂತಿಲ್ಲ; ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ನುಂಗಬಾರದು.

ಚಳಿಯೊಂದಿಗೆ ಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಬೆರಳ ತುದಿಯ ಒಂದು ಹನಿ ಸಾಕು. ಈಚೆಗೆ ಯಾವ ಊರಿಗೆ ಹೋಗಿದ್ದಿರಿ ಎಂಬುದನ್ನೂ ಅಲ್ಲಿ ಹೇಳಿ.